ಲಂಡನ್ ನ್ಯಾಷನಲ್ ಗ್ಯಾಲರಿ: ಅತ್ತೆ ಮಾವನ ಜೊತೆ ಅರ್ಧ ದಿನದಲ್ಲಿ ಏನು ನೋಡಬಹುದು?

ಸ್ಲೌ ಸೊಸೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅತ್ತೆ, ಮಾವ ಬಂದಿದ್ದಾರೆ. ಲಂಡನ್ ಐ, ಟವರ್ ಬ್ರಿಡ್ಜ್, ಅರಮನೆ ಮುಂದಿನ ಕಾವಲುಗಾರರ ಕವಾಯತು ಎಲ್ಲ ಆಯಿತು. ಈಗ ಮಾವ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿರುವ ನ್ಯಾಷನಲ್ ಗ್ಯಾಲರಿ ನೋಡಲೇಬೇಕು ಅಂತಿದ್ದಾರೆ. ನನಗೆ ಚಿತ್ರಕಲೆ ಅಂದರೆ ಸೊನ್ನೆ. ನಮ್ಮೆಜಮಾನರಿಗೆ ಅದಕ್ಕಿಂತ ಕಡಿಮೆ.

ನನ್ನ ಪ್ರಶ್ನೆಗಳು ಇಷ್ಟೇ. ನಿಜವಾಗಲೂ ಟಿಕೆಟ್ ಇಲ್ಲವಾ? ಅತ್ತೆಗೆ ಮಂಡಿ ನೋವು, ಎರಡು ಗಂಟೆಗಿಂತ ಜಾಸ್ತಿ ನಡೆಯೋಕೆ ಆಗಲ್ಲ. ಅಷ್ಟರಲ್ಲಿ ಏನು ನೋಡಿಸಲಿ? ಮತ್ತೆ, ಕೇಳೋಕೆ ಸಂಕೋಚ, ಆದರೂ ಕೇಳುತ್ತೇನೆ: ಬಟ್ಟೆ ಇಲ್ಲದ ಚಿತ್ರಗಳು ತುಂಬ ಇರುತ್ತವಂತೆ. ಮಾವನ ಪಕ್ಕ ನಿಂತು ಅವನ್ನೆಲ್ಲ ನೋಡೋದು ಹೇಗೆ?

ಕ್ರಾಯ್ಡನ್ ಕಾಫಿ

ಟಿಕೆಟ್ ಇಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಬೆಳಿಗ್ಗೆ 10ರಿಂದ ಸಂಜೆ 6, ಶುಕ್ರವಾರ ರಾತ್ರಿ 9ರವರೆಗೆ. ಶನಿವಾರ, ಭಾನುವಾರ ಬಾಗಿಲಲ್ಲೇ ಉದ್ದ ಸಾಲು ಇರುತ್ತೆ. ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಮಯ ಕಾದಿರಿಸಿಕೊಂಡರೆ ಸ್ವಲ್ಪ ಆರಾಮ. ಚಾರಿಂಗ್ ಕ್ರಾಸ್ ಸ್ಟೇಷನ್ನಿನಲ್ಲಿ ಇಳಿದರೆ ಎದುರುಗಡೆಯೇ.

ಮೆಟ್ಟಿಲು ಹತ್ತುವ ಹಳೆಯ ಕಂಬಗಳ ಬಾಗಿಲನ್ನು ಮರೆತುಬಿಡಿ. ಕಟ್ಟಡಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಸೇನ್ಸ್‌ಬರಿ ವಿಂಗ್ ಇದೆ. ಎರಡು ವರ್ಷ ಮುಚ್ಚಿ ದುರಸ್ತಿ ಮಾಡಿ 2025ರ ಮೇ ತಿಂಗಳಲ್ಲಿ ಮತ್ತೆ ತೆರೆದರು. ಈಗ ಅದೇ ಮುಖ್ಯ ಬಾಗಿಲು. ಒಳಗೆ ಲಿಫ್ಟ್ ಇದೆ. ಗಾಲಿಕುರ್ಚಿಯನ್ನೂ ಕೊಡುತ್ತಾರೆ. ಅತ್ತೆ ಬೇಡ ಅಂದರೂ ಒಮ್ಮೆ ಕೇಳಿ ನೋಡಿ, ನಮ್ಮಮ್ಮ ಮೊದಲು ಮುಖ ಊದಿಸಿಕೊಂಡು ಆಮೇಲೆ ಇಳಿಯಲೇ ಇಲ್ಲ.

ಮುಖ್ಯವಾದ ಮಾತು: ನೀರಿನ ಬಾಟಲಿ, ಫ್ಲಾಸ್ಕಿನ ಕಾಫಿ ತರಬೇಡಿ. 2022ರಲ್ಲಿ ಹವಾಮಾನ ಬದಲಾವಣೆ ವಿರುದ್ಧದ ಹೋರಾಟಗಾರರು ವ್ಯಾನ್ ಗಾಗ್‌ನ ಸೂರ್ಯಕಾಂತಿ ಚಿತ್ರದ ಮೇಲೆ ಟೊಮ್ಯಾಟೊ ಸೂಪ್ ಎರಚಿದ್ದರು. 2024ರಲ್ಲಿ ಮತ್ತೆ ಎರಚಿದರು. ಮೇಲೆ ಗಾಜು ಇದ್ದಿದ್ದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ. ಅದಾದ ಮೇಲೆ ದ್ರವ ಪದಾರ್ಥಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಮಗುವಿನ ಹಾಲು, ವೈದ್ಯರು ಬರೆದುಕೊಟ್ಟ ಔಷಧಿಗೆ ಮಾತ್ರ ವಿನಾಯಿತಿ. ನಿಯಮ ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ವೆಬ್‌ಸೈಟ್ ನೋಡಿ. ದೊಡ್ಡ ಬ್ಯಾಗಂತೂ ಬೇಡವೇ ಬೇಡ.

ಚಿತ್ರದ ಮೇಷ್ಟ್ರು

ಹಾಸನದ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಮಗ ಅಲ್ಲಿರುವುದರಿಂದ ಈ ಗ್ಯಾಲರಿಯನ್ನು ನೋಡುವ ಭಾಗ್ಯ ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿರುವುದು 2,300ಕ್ಕೂ ಹೆಚ್ಚು ಚಿತ್ರ. 13ನೇ ಶತಮಾನದಿಂದ 1900ರ ಆಸುಪಾಸಿನವರೆಗಿನ ಯುರೋಪಿನ ಕೆಲಸ. ಕೋಣೆ ಕೋಣೆ ತಿರುಗಿದರೆ ಅರ್ಧ ಗಂಟೆಯಲ್ಲಿ ಕಣ್ಣು ಸೋಲುತ್ತದೆ. ಆಮೇಲೆ ಕಾಣುವುದು ಬರೀ ಚಿನ್ನದ ಬಣ್ಣದ ಚೌಕಟ್ಟು. ಹಾಗಾಗಿ ನಿಮ್ಮವರಿಗೆ ಈಗಾಗಲೇ ಗೊತ್ತಿರುವ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಮೈಸೂರಿನವರು ಅಂದಿರಿ. ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸನ್ನು ನೋಡದ ಮೈಸೂರಿನವರು ಇದ್ದಾರೆಯೇ? ಕತ್ತಲೆ ಮಾಡಿದ ಕೋಣೆ. ಸೀರೆ ಉಟ್ಟ ಹುಡುಗಿ, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅಡ್ಡ. ಬೆರಳ ಸಂದಿಯಲ್ಲಿ ಕೆಂಪು ಬೆಳಕು. ಚಿಕ್ಕಂದಿನಲ್ಲಿ ಅದರ ಮುಂದೆ ನಿಂತು "ಬಲ್ಬ್ ಇಟ್ಟಿದ್ದಾರಾ?" ಅಂತ ಕೇಳದವರಿಲ್ಲ.

ಇದೇ ಆಟವನ್ನು ಯುರೋಪಿನವರು ಹೇಗೆ ಆಡಿದರು ಅಂತ ಲಂಡನ್ನಿನಲ್ಲಿ ನೋಡಬಹುದು. ಮೊದಲನೆಯದು ಗೆರಾರ್ಡ್ ಹಾಂಥಾರ್ಸ್ಟ್ ಎಂಬ ಡಚ್ ಕಲಾವಿದನ ಚಿತ್ರ, ಸುಮಾರು 1617ರದು. ಪ್ರಧಾನ ಪುರೋಹಿತನ ಮುಂದೆ ಏಸುವಿನ ವಿಚಾರಣೆ. ಆಳಿಗಿಂತ ಎತ್ತರದ ಚಿತ್ರ, ನಡುವೆ ಒಂದೇ ಮೇಣದಬತ್ತಿ. ಪುರೋಹಿತ ಬೆರಳೆತ್ತಿ ಗದರುತ್ತಿದ್ದಾನೆ. ಏಸು ಕೈ ಕಟ್ಟಿಸಿಕೊಂಡು ಸುಮ್ಮನೆ ನಿಂತಿದ್ದಾನೆ. ಹಿಂದಿದ್ದವರು ಕತ್ತಲಲ್ಲಿ ಕರಗಿಹೋಗಿದ್ದಾರೆ. ಬತ್ತಿಯಿಂದ ಒಂದೊಂದು ಗೇಣು ದೂರ ಹೋದಂತೆ ಬಣ್ಣ ಹೇಗೆ ಬದಲಾಗುತ್ತದೆ ನೋಡಿ. ಇಟಲಿಯಲ್ಲಿ ಇವನಿಗೆ "ರಾತ್ರಿಗಳ ಗೆರಾರ್ಡೊ" ಅಂತಲೇ ಅಡ್ಡಹೆಸರು ಬಿತ್ತು.

ಎರಡನೆಯದು ಜೋಸೆಫ್ ರೈಟ್ 1768ರಲ್ಲಿ ಬರೆದ ಗಾಳಿಪಂಪಿನ ಪ್ರಯೋಗ. ಇಲ್ಲಿ ದೇವರಿಲ್ಲ, ವಿಜ್ಞಾನ ಇದೆ. ಗಾಜಿನ ಬುರುಡೆಯೊಳಗೆ ಒಂದು ಬಿಳಿ ಕಾಕಟೂ ಹಕ್ಕಿ. ಪ್ರಯೋಗ ಮಾಡುವವನು ಗಾಳಿ ಹೊರಗೆ ತೆಗೆದಿದ್ದಾನೆ. ಹಕ್ಕಿ ಸಾಯುತ್ತದಾ, ಉಳಿಯುತ್ತದಾ? ಅವನ ಕೈ ಇನ್ನೂ ಮೇಲೆ ಕೊಳವೆಯ ಹತ್ತಿರವೇ ಇದೆ. ಒಬ್ಬ ಹುಡುಗಿ ನೋಡಲಾರದೆ ಕಣ್ಣು ಮುಚ್ಚಿಕೊಂಡಿದ್ದಾಳೆ. ಪಕ್ಕದಲ್ಲಿ ಹರೆಯದ ಜೋಡಿಯೊಂದಕ್ಕೆ ಹಕ್ಕಿಯ ಗೊಡವೆಯೇ ಇಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ. ಬೆಳಕಿನ ಮೂಲವನ್ನು ಮೇಜಿನ ಮೇಲಿನ ಗಾಜಿನ ಪಾತ್ರೆಯ ಹಿಂದೆ ಮುಚ್ಚಿಟ್ಟಿದ್ದಾನೆ ಕಳ್ಳ ರೈಟ್. ನಮಗೆ ಕಾಣುವುದು ಮುಖಗಳ ಮೇಲೆ ಬಿದ್ದ ಬೆಳಕು ಮಾತ್ರ. ನಾನು ಅಲ್ಲಿ ಕೂತು ಎದ್ದಿದ್ದು ಮಗ ಫೋನ್ ಮಾಡಿ ಕರೆದಾಗಲೇ.

ಮೂರನೆಯದಾಗಿ ರೆಂಬ್ರಾಂಟ್. ಅವನೇ ಬರೆದುಕೊಂಡ ಅವನ ಎರಡು ಚಿತ್ರ ಅಲ್ಲಿವೆ. ಒಂದು 1640ರದು, ವಯಸ್ಸು 34. ಜರ್ಬಾಗಿ ಬಟ್ಟೆ ತೊಟ್ಟು ಕಟ್ಟೆಗೆ ಕೈಯೂರಿ ನಿಂತ ಗೆದ್ದ ಗಂಡಸು. ಇನ್ನೊಂದು 1669ರದು, ವಯಸ್ಸು 63, ತೀರಿಕೊಂಡ ವರ್ಷ. ನಿಮ್ಮ ಮಾವ ನಿವೃತ್ತರಾಗಿದ್ದರೆ ಈ ಎರಡರ ಬಗ್ಗೆ ನೀವು ವಿವರಿಸೋದು ಏನೂ ಇರುವುದಿಲ್ಲ.

ಒಂದು ಎಚ್ಚರಿಕೆ. ಚಿತ್ರಗಳನ್ನು ಬೇರೆ ಊರಿನ ಪ್ರದರ್ಶನಗಳಿಗೆ ಕಳಿಸಿರುತ್ತಾರೆ. ಪ್ರತಿ ಚಿತ್ರಕ್ಕೂ ವೆಬ್‌ಸೈಟ್‌ನಲ್ಲಿ ಪುಟ ಇದೆ. ಈಗ ಯಾವ ಕೋಣೆಯಲ್ಲಿದೆ ಅಂತ ಅಲ್ಲೇ ಹಾಕಿರುತ್ತಾರೆ.

ಸರಸ್ವತಿಪುರಂ 7ನೇ ಮೇನ್

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ನಮ್ಮ ರವಿವರ್ಮ ಯಾವ ಯುರೋಪಿನವನಿಗೂ ಕಡಿಮೆ ಇಲ್ಲ ಅನ್ನೋಕೆ ಆ ದೀಪದ ಹೆಂಗಸೇ ಸಾಕ್ಷಿ.

ಕ್ರಾಯ್ಡನ್ ಕಾಫಿ

ಅದು ರವಿವರ್ಮನದಲ್ಲ. ಎಸ್. ಎಲ್. ಹಲ್ದಂಕರ್ ಅವರದು, 1945-46ರಲ್ಲಿ ಬರೆದಿದ್ದು. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ. ದೀಪ ಹಿಡಿದು ನಿಂತವರು ಹಲ್ದಂಕರ್ ಅವರ ಮಗಳೇ.

ಸರಸ್ವತಿಪುರಂ 7ನೇ ಮೇನ್

ಹೌದಾ! ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ರವಿವರ್ಮ ಅಂತಲೇ ಹೇಳೋದು.

ಚಿತ್ರದ ಮೇಷ್ಟ್ರು

ಆ ಅರಮನೆಯಲ್ಲಿ ರವಿವರ್ಮನ ಚಿತ್ರಗಳು ಸಾಕಷ್ಟು ಇವೆ, ಅದಕ್ಕೇ ಈ ಗೊಂದಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ರವಿವರ್ಮನದು ಎಣ್ಣೆ ಬಣ್ಣ, ಹಲ್ದಂಕರರದು ನೀರು ಬಣ್ಣ. ಎಣ್ಣೆ ಬಣ್ಣ ನಿಧಾನವಾಗಿ ಒಣಗುತ್ತದೆ. ತಪ್ಪಿದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ಕತ್ತಲನ್ನು ಮೊದಲು ಹಾಕಿ ಬೆಳಕನ್ನು ಕೊನೆಗೆ ಇಡಬಹುದು. ಹಾಂಥಾರ್ಸ್ಟ್, ರೈಟ್ ಇಬ್ಬರಿಗೂ ಆ ಅನುಕೂಲ ಇತ್ತು. ನೀರು ಬಣ್ಣದಲ್ಲಿ ಹಾಗಿಲ್ಲ. ಬೆಳಕು ಬೇಕಾದ ಕಡೆ ಕಾಗದವನ್ನು ಮೊದಲೇ ಬಿಟ್ಟುಕೊಂಡು ಸುತ್ತಲೂ ಕತ್ತಲು ಕಟ್ಟಬೇಕು. ಅಷ್ಟು ಕಡು ಕತ್ತಲನ್ನು ನೀರು ಬಣ್ಣದಲ್ಲಿ ಕಟ್ಟುವುದು ಹುಡುಗಾಟ ಅಲ್ಲ. ನನ್ನನ್ನು ಕೇಳಿದರೆ, ಕಷ್ಟದ ಲೆಕ್ಕದಲ್ಲಿ ಮೈಸೂರಿನದೇ ಒಂದು ತೂಕ ಹೆಚ್ಚು.

ಹುಬ್ಬಳ್ಳಿ ಮಂದಿ

ಮೇಷ್ಟ್ರ ಮಾತು ಖರೇ ಅದ, ಆದ್ರ ನಾನು ಸ್ವಲ್ಪ ಅಡ್ಡ ಮಾತಾಡ್ತೀನ್ರಿ. ವಯಸ್ಸಾದವರು ಅಷ್ಟು ದೂರದಿಂದ ಬಂದಾರ. ಮತ್ತೆ ಬರ್ತಾರೋ ಇಲ್ಲೋ. ಊರಿಗೆ ಹೋದಮ್ಯಾಲೆ ಮಂದಿ ಕೇಳೋದು ಏನು? "ಸೂರ್ಯಕಾಂತಿ ನೋಡಿದ್ರೇನು? ಡಾ ವಿಂಚಿ ನೋಡಿದ್ರೇನು?" ಹಾಂಥಾರ್ಸ್ಟ್ ಅಂದ್ರ ಯಾರಿಗೂ ಗೊತ್ತಿಲ್ರಿ. ಹೆಸರಾದ ಚಿತ್ರ ಮೊದಲು ಮುಗಿಸ್ರಿ, ಫೋಟೊ ತಗೋರಿ, ಆಮೇಲೆ ನಿಮ್ಮ ದೀಪ.

ನಾನು ಹೋದಾಗ ಸೂರ್ಯಕಾಂತಿ ಮುಂದ ಜಾತ್ರಿ ಇತ್ತು. ಆದ್ರೂ ನೋಡಿದೆ. 1888ರಾಗ ಆರ್ಲ್ ಊರಿನ ಹಳದಿ ಮನಿಯಾಗ ಗೆಳೆಯ ಗೋಗ್ಯಾನ್ ಬರ್ತಾನ ಅಂತ ಅವನ ಖೋಲಿ ಸಿಂಗಾರ ಮಾಡ್ಲಿಕ್ಕೆ ಬರೆದ ಚಿತ್ರ ಅದು. ಹಳದಿ ಗ್ವಾಡಿ, ಹಳದಿ ಹೂದಾನಿ, ಹಳದಿ ಹೂವು. ಬಣ್ಣ ಎಷ್ಟು ದಪ್ಪ ಹಚ್ಯಾನಂದ್ರ ಬೀಜದ ಭಾಗ ಕೈಗೆ ಹತ್ತುವಂಗ ಎದ್ದು ನಿಂತದ. ಪೋಸ್ಟರಿನಾಗ ಅದು ತಿಳಿಯೋದಿಲ್ಲ.

ಸ್ಲೌ ಸೊಸೆ

ಹುಬ್ಬಳ್ಳಿಯವರ ಮಾತೂ ಸರಿ ಅನ್ನಿಸುತ್ತೆ. ನಮ್ಮತ್ತೆಗೆ ಅವರ ತಂಗಿಗೆ ವಾಟ್ಸಾಪ್‌ನಲ್ಲಿ ಕಳಿಸೋಕೆ ಒಂದಾದರೂ ಫೋಟೊ ಬೇಕೇ ಬೇಕು. ಫೋಟೊ ತೆಗೆಯೋಕೆ ಬಿಡ್ತಾರಾ?

ಕ್ರಾಯ್ಡನ್ ಕಾಫಿ

ಬಿಡುತ್ತಾರೆ. ಫ್ಲ್ಯಾಷ್ ಬೇಡ, ಸೆಲ್ಫಿ ಕೋಲು ಬೇಡ.

ಇಬ್ಬರು ಮಕ್ಕಳ ತಾಯಿ

ನಾನು ಚಿಕ್ಕ ಮಕ್ಕಳನ್ನು ಎಳೆದುಕೊಂಡು ಹೋಗಿದ್ದೆ. ಅವರಿಗೆ ಹಿಡಿಸಿದ್ದು ನಿಮ್ಮ ಅತ್ತೆ ಮಾವನಿಗೂ ಹಿಡಿಸುತ್ತೆ, ನೋಡಿ ಬೇಕಾದರೆ.

ಒಂದು, ವಿಸಲ್‌ಜಾಕೆಟ್ ಅನ್ನೋ ಕುದುರೆ. ಜಾರ್ಜ್ ಸ್ಟಬ್ಸ್ ಸುಮಾರು 1762ರಲ್ಲಿ ಬರೆದಿದ್ದು. ನಿಜವಾದ ಕುದುರೆಯಷ್ಟೇ ದೊಡ್ಡದು. ಹಿಂದೆ ಮರ ಇಲ್ಲ, ಆಕಾಶ ಇಲ್ಲ, ರಾಜನೂ ಇಲ್ಲ. ಕುದುರೆ ಅಷ್ಟೇ. ದೂರದ ಕೋಣೆಯಿಂದಲೇ ಕಾಣುತ್ತೆ, ಮಕ್ಕಳು ಓಡಿಬಿಟ್ಟರು.

ಎರಡು, ಹೋಲ್ಬೈನ್‌ನ "ರಾಯಭಾರಿಗಳು", 1533ರದು. ಇಬ್ಬರು ಸಿರಿವಂತರು ನಿಂತಿದ್ದಾರೆ. ನಡುವಿನ ಕಪಾಟಿನಲ್ಲಿ ಭೂಗೋಳ, ಗಡಿಯಾರದಂಥ ಸಾಧನಗಳು, ತಂತಿ ಕಿತ್ತ ವೀಣೆಯಂಥ ವಾದ್ಯ. ಕೆಳಗೆ ನೆಲದ ಮೇಲೆ ಏನೋ ಓರೆಯಾಗಿ ಎಳೆದ ಬೂದು ಬಣ್ಣದ ಕಲೆ. ನೇರ ನಿಂತರೆ ಏನೂ ಗೊತ್ತಾಗಲ್ಲ. ಚಿತ್ರದ ಬಲಗಡೆಗೆ ಹೋಗಿ ಗೋಡೆಯ ಪಕ್ಕದಿಂದ ಓರೆಗಣ್ಣಲ್ಲಿ ನೋಡಿದರೆ ತಲೆಬುರುಡೆ! ಅಲ್ಲಿ ದೊಡ್ಡವರೂ ಸಾಲಾಗಿ ನಿಂತು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಮೂರು, ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನೋಲ್ಫಿನಿ ದಂಪತಿ. ಚಿಕ್ಕ ಚಿತ್ರ, ಮೂರಡಿಯೂ ಇಲ್ಲ. ಹಿಂದಿನ ಗೋಡೆಯ ಗುಂಡು ಕನ್ನಡಿಯಲ್ಲಿ ಇಡೀ ಕೋಣೆ ತಲೆಕೆಳಗಾಗದೆ ಹಿಂದುಮುಂದಾಗಿ ಕಾಣುತ್ತೆ. ಬಾಗಿಲಲ್ಲಿ ಇನ್ನಿಬ್ಬರು ನಿಂತಿರೋದೂ ಕಾಣುತ್ತೆ. ಕನ್ನಡಿಯ ಮೇಲೆ "ಯಾನ್ ವಾನ್ ಐಕ್ ಇಲ್ಲಿದ್ದ" ಅಂತ ಬರೆದುಕೊಂಡಿದ್ದಾನೆ. ಹೆಂಗಸು ಬಸುರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲವಂತೆ, ಆ ಕಾಲದ ಉದ್ದ ಲಂಗವನ್ನು ಮುಂದೆ ಎತ್ತಿ ಹಿಡಿದಿದ್ದಾಳೆ ಅಷ್ಟೇ.

ಶ್ರೀರಂಗಪಟ್ಟಣದ ಕೋಟೆ

ನೀವೆಲ್ಲ ಇಷ್ಟು ಹೊಗಳುತ್ತಿದ್ದೀರಿ. ನಮ್ಮ ದೇಶದಿಂದ ಹೊತ್ತುಕೊಂಡು ಹೋದದ್ದನ್ನು ಪುಕ್ಕಟೆ ತೋರಿಸುತ್ತಾರೆ ಅಂತ ಖುಷಿ ಪಡಬೇಕಾ? ಟಿಪ್ಪುವಿನ ಹುಲಿ ಇನ್ನೂ ಅಲ್ಲೇ ಇದೆಯಲ್ಲ.

ಕ್ರಾಯ್ಡನ್ ಕಾಫಿ

ಟಿಪ್ಪುವಿನ ಹುಲಿ ಇರೋದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. 1799ರಲ್ಲಿ ನಿಮ್ಮೂರಿನಿಂದ ಹೊತ್ತಿದ್ದೇ, ಅದರಲ್ಲಿ ವಾದ ಇಲ್ಲ. ಬೇರೆ ದೇಶಗಳಿಂದ ತಂದದ್ದನ್ನು ಇಟ್ಟುಕೊಂಡ ಬ್ರಿಟಿಷ್ ಮ್ಯೂಸಿಯಂ ಮೇಲೆ ಸಿಟ್ಟಿದ್ದರೂ ಅರ್ಥವಾಗುತ್ತೆ. ನ್ಯಾಷನಲ್ ಗ್ಯಾಲರಿಯ ಕಥೆ ಬೇರೆ. ಅಲ್ಲಿ ಭಾರತದ ಚಿತ್ರಗಳೇ ಇಲ್ಲ. ಸರ್ಕಾರ 1824ರಲ್ಲಿ ಜಾನ್ ಜೂಲಿಯಸ್ ಆಂಗರ್‌ಸ್ಟೈನ್ ಎಂಬ ವ್ಯಾಪಾರಿಯ 38 ಚಿತ್ರಗಳನ್ನು 57,000 ಪೌಂಡಿಗೆ ಕೊಂಡು ಶುರು ಮಾಡಿತು. ಮೊದಲು ಆ ವ್ಯಾಪಾರಿಯ ಮನೆಯಲ್ಲೇ ತೋರಿಸುತ್ತಿದ್ದರು. ಈಗಿನ ಕಟ್ಟಡ ತೆರೆದಿದ್ದು 1838ರಲ್ಲಿ. ಟ್ರಫಾಲ್ಗರ್ ಸ್ಕ್ವೇರನ್ನೇ ಯಾಕೆ ಆರಿಸಿದರು ಅಂದರೆ, ಪಶ್ಚಿಮದ ಶ್ರೀಮಂತರು ಗಾಡಿಯಲ್ಲಿ, ಪೂರ್ವದ ಬಡವರು ನಡೆದುಕೊಂಡು, ಇಬ್ಬರೂ ಬರಲಿ ಅಂತ.

ಹಾಗಂತ ದುಡ್ಡೆಲ್ಲ ತುಳಸಿ ನೀರಲ್ಲಿ ತೊಳೆದದ್ದಲ್ಲ. ಆಂಗರ್‌ಸ್ಟೈನ್ ಹಡಗುಗಳ ವಿಮೆಯಲ್ಲಿ ಬೆಳೆದವನು. ಆ ವಿಮೆಯಲ್ಲಿ ಗುಲಾಮರ ವ್ಯಾಪಾರಕ್ಕೆ ಸೇರಿದ ಹಡಗುಗಳ ಪಾಲೂ ಇತ್ತು. ಇದನ್ನು ಗ್ಯಾಲರಿಯವರೇ ಒಪ್ಪಿಕೊಂಡಿದ್ದಾರೆ.

ಶ್ರೀರಂಗಪಟ್ಟಣದ ಕೋಟೆ

ಸರಿ, ವ್ಯತ್ಯಾಸ ತಿಳಿಯಿತು. ಹುಲಿಯ ವಿಷಯದಲ್ಲಿ ನನ್ನ ಮಾತು ನನ್ನದೇ.

ಬೇಲೂರು ಬಸ್‌ಸ್ಟ್ಯಾಂಡ್

ಆ ಬಟ್ಟೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ಜಾಣರು. ಅಮ್ಮಾ, ನಿಮ್ಮ ಮಾವ ಬೇಲೂರು, ಹಳೇಬೀಡು ನೋಡಿಯೇ ಇರುತ್ತಾರೆ. ಮದನಿಕೆಯರ ಮುಂದೆ ಮನೆಮಂದಿಯೆಲ್ಲ ನಿಂತು ಗೈಡ್ ಹೇಳಿದ್ದನ್ನು ಕೇಳುತ್ತಾರಲ್ಲ, ಅಷ್ಟೇ ಇದೂ. ನೀವು ಫೋನ್ ನೋಡುವ ನಾಟಕ ಮಾಡಿದರೆ ಅವರಿಗೂ ಮುಜುಗರ. ಸುಮ್ನೆ ನಿಮ್ಮ ಪಾಡಿಗೆ ಮುಂದೆ ನಡೀರಿ.

ಕಥೆ ಬೇಕಾದರೆ ಒಂದಿದೆ. ವೆಲಾಸ್ಕೆಸ್ ಬರೆದ ರೋಕ್‌ಬಿ ವೀನಸ್ ಅಂತ ಒಂದು ಚಿತ್ರ. ಬೆನ್ನು ತೋರಿಸಿ ಮಲಗಿದ ಪ್ರೇಮದೇವತೆ ವೀನಸ್, ಮುಖ ಕಾಣೋದು ಕನ್ನಡಿಯಲ್ಲಿ ಮಾತ್ರ. 1914ರ ಮಾರ್ಚ್‌ನಲ್ಲಿ ಮೇರಿ ರಿಚರ್ಡ್‌ಸನ್ ಎಂಬ ಮಹಿಳಾ ಮತದಾನ ಹೋರಾಟಗಾರ್ತಿ ಮಾಂಸ ಕಡಿಯುವ ಮಚ್ಚಿನಲ್ಲಿ ಅದನ್ನು ಸೀಳಿದರು. ತಮ್ಮ ನಾಯಕಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್‌ರನ್ನು ಬಂಧಿಸಿದ್ದಕ್ಕೆ ಪ್ರತಿಭಟನೆ. ಆಮೇಲೆ ರಿಪೇರಿ ಮಾಡಿದರು. ಸೂಪ್ ಎರಚಿದವರೇ ಮೊದಲಿಗರಲ್ಲ ನೋಡಿ.

ಶುಕ್ರವಾರದ ಗಿರಾಕಿ

ನನ್ನ ಆಫೀಸು ಅಲ್ಲೇ ಹತ್ತಿರ. ಊಟದ ಬಿಡುವಿನಲ್ಲಿ ಒಳಗೆ ಹೋಗಿ ಒಂದೇ ಒಂದು ಚಿತ್ರ ನೋಡಿ ಬರುತ್ತೇನೆ. ಟಿಕೆಟ್ ಇದ್ದಿದ್ದರೆ ಇದು ಸಾಧ್ಯವೇ ಇರಲಿಲ್ಲ. ದುಡ್ಡು ಕೊಟ್ಟವನು ಎಲ್ಲವನ್ನೂ ನೋಡಿ ವಸೂಲಿ ಮಾಡಲು ಹೊರಡುತ್ತಾನೆ. ಪುಕ್ಕಟೆ ಅನ್ನೋದರ ನಿಜವಾದ ಲಾಭ ಇದೇ ಅಂತ ನನ್ನ ನಂಬಿಕೆ. ಹುಬ್ಬಳ್ಳಿಯವರು ಬೈಯಬಾರದು.

ಒಂದೇ ಚಿತ್ರ ನೋಡೋ ಅಭ್ಯಾಸಕ್ಕೆ ಈ ಗ್ಯಾಲರಿಯಲ್ಲಿ ದೊಡ್ಡ ಇತಿಹಾಸ ಇದೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿದರು. 1941ರಿಂದ ಅವು ವೇಲ್ಸ್‌ನ ಮಾನೊಡ್ ಎಂಬಲ್ಲಿ ಸ್ಲೇಟ್ ಕಲ್ಲಿನ ಗಣಿಯೊಳಗೆ ಇದ್ದವು. ಲಂಡನ್ನಿನಲ್ಲಿ ಬರೀ ಗೋಡೆ. ಪಿಯಾನೊ ವಾದಕಿ ಮೈರಾ ಹೆಸ್ ಆ ಖಾಲಿ ಕೋಣೆಗಳಲ್ಲಿ ಮಧ್ಯಾಹ್ನದ ಕಛೇರಿಗಳನ್ನು ನಡೆಸಿದರು. ಯುದ್ಧ ಮುಗಿಯುವ ತನಕವೂ ನಡೆದವು. ಜನ ಸಂಗೀತ ಕೇಳಿ, ಚಿತ್ರವೂ ಬೇಕು ಅಂದರು. 1942ರಿಂದ ತಿಂಗಳಿಗೆ ಒಂದೇ ಚಿತ್ರವನ್ನು ಗಣಿಯಿಂದ ತಂದು ತೂಗು ಹಾಕತೊಡಗಿದರು. ನಾಶವಾದರೆ ಒಂದೇ ಹೋಗಲಿ ಅನ್ನೋ ಲೆಕ್ಕ. ಆ ಒಂದನ್ನು ನೋಡೋಕೆ ಜನ ಬರುತ್ತಿದ್ದರು.

ಸೊಸೆಯವರೇ, ನಿಮ್ಮ ಮಾವನಿಗೆ ನನ್ನ ಕಡೆಯಿಂದ ಒಂದು ಚಿತ್ರ: ಇಂಗ್ಲಿಷ್ ಚಿತ್ರಕಾರ ಟರ್ನರ್ ಬರೆದ ಹಳೆಯ ಯುದ್ಧದ ಹಡಗು, "ಫೈಟಿಂಗ್ ಟೆಮೆರೇರ್". ಹೋಗುವಾಗ ಜೇಬಿನಲ್ಲಿ 20 ಪೌಂಡಿನ ನೋಟು ಇರಲಿ. 2020ರಿಂದ ಚಲಾವಣೆಯಲ್ಲಿರುವ ಆ ನೋಟಿನ ಹಿಂದೆ ಟರ್ನರ್ ಮುಖ ಇದೆ, ಪಕ್ಕದಲ್ಲಿ ಇದೇ ಹಡಗು. 1805ರ ಟ್ರಫಾಲ್ಗರ್ ಕಾಳಗದಲ್ಲಿ ಹೋರಾಡಿದ ಹಡಗನ್ನು 1838ರಲ್ಲಿ ಗುಜರಿಗೆ ಎಳೆದುಕೊಂಡು ಹೋಗುತ್ತಿದ್ದಾರೆ. ಎಳೆಯುತ್ತಿರೋದು ಹೊಗೆ ಉಗುಳುವ ಚಿಕ್ಕ ಉಗಿದೋಣಿ. ಹೊರಗೆ ಬಂದರೆ ಅದೇ ಕಾಳಗದ ಹೆಸರಿನ ಚೌಕ, ಅದನ್ನು ಗೆಲ್ಲಿಸಿದ ನೌಕಾಪತಿ ನೆಲ್ಸನ್ ಕಂಬ.

ಸ್ಲೌ ಸೊಸೆ

ಹೋಗಿ ಬಂದೆವು. ಎಲ್ಲರಿಗೂ ಥ್ಯಾಂಕ್ಸ್. ಗಾಲಿಕುರ್ಚಿ ಬೇಡ ಅಂದರು ಅತ್ತೆ, ಆದರೆ ಕೋಣೆಗಳ ನಡುವೆ ಬೆಂಚುಗಳಿವೆ, ನಿಭಾಯಿಸಿದೆವು.

ಸೂರ್ಯಕಾಂತಿ ಮುಂದೆ ಜಾತ್ರೆಯೇ. ಫೋಟೊ ಆಯಿತು, ವಾಟ್ಸಾಪ್ ಆಯಿತು. ಟೆಮೆರೇರ್ ಮುಂದೆ ಮಾವ ನೋಟು ಹಿಡಿದು ಹೋಲಿಸಿ ನೋಡಿದರು. ಪಕ್ಕದಲ್ಲಿದ್ದ ಒಬ್ಬ ಇಂಗ್ಲಿಷ್ ಅಜ್ಜನಿಗೂ ತೋರಿಸಿದರು. ಆತ ಅದುವರೆಗೂ ಗಮನಿಸಿರಲಿಲ್ಲವಂತೆ! ಅರ್ನೋಲ್ಫಿನಿ ಚಿತ್ರದಲ್ಲಿ ಅತ್ತೆ ಕನ್ನಡಿ ನೋಡಲೇ ಇಲ್ಲ. ಮೂಲೆಯಲ್ಲಿ ಬಿಟ್ಟ ಮರದ ಚಪ್ಪಲಿ ನೋಡಿ "ಪರವಾಗಿಲ್ಲ, ಒಳಗೆ ಚಪ್ಪಲಿ ಬಿಡೋ ಪದ್ಧತಿ ಇವರಲ್ಲೂ ಇತ್ತು" ಅಂದರು. ಹಾಂಥಾರ್ಸ್ಟ್ ಮುಂದೆ ಇಬ್ಬರೂ ತುಂಬ ಹೊತ್ತು ಕೂತರು. "ನಮ್ಮ ಜಗನ್ಮೋಹನದಲ್ಲಿ ಇದಕ್ಕಿಂತ ಕತ್ತಲೆ ಮಾಡಿರ್ತಾರೆ, ಅದೇ ಸರಿ" ಅಂತ ಮಾವನ ತೀರ್ಪು. ಏಸು, ಮೇರಿ ಚಿತ್ರಗಳ ಕೋಣೆಗಳು ಮಾತ್ರ ಅತ್ತೆಗೆ ಬೋರ್ ಆದವು, ಸುಳ್ಳು ಯಾಕೆ ಹೇಳಲಿ. ಒಂದೇ ಕಥೆ ಎಷ್ಟು ಸಲ ಅಂದರು.

ವೀನಸ್ ಮುಂದೆ ಏನಾಯಿತು ಅಂತ ಕೇಳಬೇಡಿ. ಮಾವ 1914ರ ಕಥೆಯನ್ನು ನನಗೇ ಹೇಳಿದರು, ಅದೂ ತಪ್ಪು ಇಸವಿಯಲ್ಲಿ.

ಹುಬ್ಬಳ್ಳಿ ಮಂದಿ

ಡಾ ವಿಂಚಿ ನೋಡಿದ್ರೋ ಇಲ್ಲೋ ಅದನ್ನ ಹೇಳ್ರಿ ಮೊದಲು.

ಸ್ಲೌ ಸೊಸೆ

ನೋಡಿದ್ವಿ ರೀ! ಬಂಡೆಗಳ ನಡುವಿನ ಮೇರಿ. ಅದು ಮಾತ್ರ ಅತ್ತೆಗೆ ಇಷ್ಟ ಆಯಿತು. ಅಲ್ಲಿರೋ ಮಕ್ಕಳು ಮುದ್ದಾಗಿದ್ದಾವಂತೆ.

ಧಾರವಾಡ ಪೇಡೆ ಪ್ರಿಯ

ಎಲ್ಲ ಓದಿದೆ. ನಾನು ಮುಂದಿನ ತಿಂಗಳು ಕೆಲಸದ ಮೇಲೆ ಬರುತ್ತಿದ್ದೇನೆ, ಒಂದು ಸಂಜೆ ಮಾತ್ರ ಬಿಡುವು. ಶುಕ್ರವಾರ ರಾತ್ರಿ ಜನ ಕಡಿಮೆ ಇರ್ತಾರಾ? ಸ್ಕೆಚ್ ಪುಸ್ತಕ ಒಯ್ಯಬಹುದಾ?

ಶುಕ್ರವಾರದ ಗಿರಾಕಿ

ಏಳು ಗಂಟೆ ದಾಟಿದ ಮೇಲೆ ಬನ್ನಿ, ಪ್ರವಾಸಿ ಗುಂಪುಗಳು ಊಟಕ್ಕೆ ಹೋಗಿರುತ್ತವೆ. ಪೆನ್ಸಿಲ್‌ನಲ್ಲಿ ಬರೆಯೋಕೆ ಅಡ್ಡಿ ಇಲ್ಲ, ಬಣ್ಣ ತರಬೇಡಿ. ಮತ್ತೆ ಹಳೆಯ ಮುಖ್ಯ ಬಾಗಿಲಿನ ಪಡಸಾಲೆಯಲ್ಲಿ ಕಾಲ ಕೆಳಗೆ ನೋಡಿ. ನೆಲದ ಮೇಲಿನ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳಿಂದ ಜೋಡಿಸಿದ ಚಿತ್ರ, ಬೋರಿಸ್ ಆನ್ರೆಪ್ ಎಂಬ ಕಲಾವಿದ ಮಾಡಿದ್ದು. ಅದರಲ್ಲಿ ಸಿನಿಮಾ ನಟಿ ಗ್ರೇಟಾ ಗಾರ್ಬೊ, ಚರ್ಚಿಲ್ ಎಲ್ಲ ಇದ್ದಾರೆ. ಜನ ಅವರನ್ನು ತುಳಿದುಕೊಂಡೇ ಓಡಾಡುತ್ತಾರೆ, ಯಾರೂ ಬಗ್ಗಿ ನೋಡಲ್ಲ.

ಚಿತ್ರದ ಮೇಷ್ಟ್ರು

ಸ್ಕೆಚ್ ಮಾಡುವುದಾದರೆ ಕುದುರೆಯಿಂದ ಶುರು ಮಾಡಿ. ಹಿನ್ನೆಲೆ ಇಲ್ಲದ್ದರಿಂದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹಿಂಗಾಲಿನ ಕೀಲು ನೋಡಿಕೊಂಡು ಬರೆಯಿರಿ, ಎಲ್ಲರೂ ಅಲ್ಲೇ ಎಡವುವುದು. ಬರೆದದ್ದನ್ನು ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ.